ಸಿಗರೇಟು ಬಿಟ್ಟ ಮೇಲೆ ಗೆಳೆಯರ ಬಳಗದಲ್ಲಿ ಉಳಿಯುವುದು ಹೇಗೆ?

ವಸಂತನರಸಾಪುರದ ಫಿಟ್ಟರ್:

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನವನು. ವಸಂತನರಸಾಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಪಾಳಿಯ ಮೇಲೆ ಕೆಲಸ ಮಾಡುತ್ತೇನೆ. ಐಟಿಐ ಓದುವಾಗ ಅಂಟಿಕೊಂಡ ಸಿಗರೇಟನ್ನು ಈಚೆಗೆ ನಿಲ್ಲಿಸಿದ್ದೇನೆ. ಮೊದಲ ದಿನಗಳ ಸಿಡುಕು, ನಿದ್ದೆಗೇಡು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು ಇವನ್ನೆಲ್ಲ ಮನೆಯವರ ತಾಳ್ಮೆಯಿಂದ ದಾಟಿ ಬಂದೆ. ಈಗಿನ ಕಷ್ಟ ಬೇರೆಯದು. ಬಿಟ್ಟ ಹೊಸತರಲ್ಲಿ ಎಲ್ಲರೂ ಬೆನ್ನು ತಟ್ಟಿದರು, ಈಗ ಅದು ಹಳೆಯ ಸುದ್ದಿಯಾಗಿದೆ. ಯಾರೂ ವಿಚಾರಿಸುವುದಿಲ್ಲ, ನನ್ನ ಹುರುಪೂ ಇಳಿಯುತ್ತಿದೆ.

ಪಾಳಿ ಮುಗಿದ ಮೇಲೆ ಗೇಟಿನ ಎದುರಿನ ಟೀ ಅಂಗಡಿಯಲ್ಲಿ ನಾವು ಐದಾರು ಜನ ಸೇರುವುದು ಮೊದಲಿನಿಂದಲೂ ನಡೆದುಬಂದ ರೂಢಿ. ಕೈಸಾಲ, ಮಕ್ಕಳ ಫೀಜು, ಊರಿನ ಜಮೀನಿನ ವ್ಯಾಜ್ಯ, ಓವರ್‌ಟೈಮ್ ಸಿಗದ ಬೇಸರ, ಎಲ್ಲವನ್ನೂ ಹೇಳಿಕೊಳ್ಳುವುದು ಅಲ್ಲಿಯೇ. ಬೈಟು ಟೀ ಹೇಳಿ, ಒಂದು ಸಿಗರೇಟನ್ನು ಇಬ್ಬರು ಹಂಚಿಕೊಂಡು ಸೇದುತ್ತಾ ಮಾತನಾಡಿದವರು ನಾವು. ಅವರು ಕೆಟ್ಟವರಲ್ಲ. ನನ್ನ ತಂದೆಯವರು ಆಸ್ಪತ್ರೆಯಲ್ಲಿದ್ದಾಗ ರಾತ್ರಿಯಿಡೀ ಜೊತೆಗಿದ್ದವರು ಇವರೇ. ಈಗ ಅಲ್ಲಿಗೆ ಹೋಗದಿದ್ದರೆ ಒಂಟಿಯಾದಂತೆ ಅನಿಸುತ್ತದೆ, ಹೋದರೆ ಕೈ ತಾನಾಗಿಯೇ ಮುಂದೆ ಚಾಚುತ್ತದೆ. ಗೆಳೆಯರನ್ನು ಉಳಿಸಿಕೊಂಡು ಸಿಗರೇಟನ್ನು ಮಾತ್ರ ಬಿಡುವುದು ಸಾಧ್ಯವೇ? ಬಿಟ್ಟವರು, ಬಿಡಿಸಿದವರು ದಯವಿಟ್ಟು ತಿಳಿಸಿ.

ರೈಲು ಪ್ರಯಾಣಿಕ, ತುಮಕೂರು–ಬೆಂಗಳೂರು:

ಸಾಧ್ಯ. ಆದರೆ ಗೆಳೆಯರು ಸೇರುವ ಜಾಗವನ್ನು ಸ್ವಲ್ಪ ಕಾಲ ಬದಲಾಯಿಸದೆ ಅದು ಆಗುವುದಿಲ್ಲ ಎಂಬುದು ನಾನು ಕಂಡ ಮಾತು. ನಾವು ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವ ಪಾಸಿನವರು. ರೈಲಿನೊಳಗೆ ಸೇದುವಂತಿಲ್ಲವಾದ್ದರಿಂದ ನಿಲ್ದಾಣದ ಹೊರಗೆ ಬೈಕ್ ನಿಲ್ಲಿಸಿದ ಕೂಡಲೇ ಒಂದು, ಸಂಜೆ ಇಳಿದ ಕೂಡಲೇ ಇನ್ನೊಂದು ಎಂಬುದು ನಮ್ಮ ಪರಿಪಾಠವಾಗಿತ್ತು. ಬಳಗದಲ್ಲಿ ಇಬ್ಬರು ಒಟ್ಟಿಗೆ ಬಿಡಲು ನಿರ್ಧರಿಸಿದಾಗ ಉಳಿದವರ ಬಳಿ ಬಾಯಿಬಿಟ್ಟು ಮೂರು ಮಾತು ಕೇಳಿಕೊಂಡೆವು. ನಮಗೆ ಸಿಗರೇಟು ನೀಡಬೇಡಿ, ನಾವಾಗಿಯೇ ಕೇಳಿದರೂ ಕೊಡಬೇಡಿ, ನೀವು ಸೇದಿ ಮುಗಿಸಿದ ಮೇಲೆ ಪ್ಲಾಟ್‌ಫಾರ್ಮಿಗೆ ಬನ್ನಿ, ನಾವು ಒಳಗೆ ಕಾಯುತ್ತೇವೆ ಎಂದೆವು. ಒಬ್ಬರೂ ಬೇಸರ ಮಾಡಿಕೊಳ್ಳಲಿಲ್ಲ.

ನೀವು ಬಿಟ್ಟಿರುವುದು ಗೊತ್ತಿದ್ದರೂ ತಮ್ಮಿಂದ ಏನು ಆಗಬೇಕೆಂದು ನಿಮ್ಮ ಗೆಳೆಯರಿಗೆ ಗೊತ್ತಿರಲಾರದು. ‘ಸಹಕರಿಸಿ’ ಎಂದಷ್ಟೇ ಹೇಳಿದರೆ ಅವರು ತಲೆಯಾಡಿಸಿ ಮರೆಯುತ್ತಾರೆ. ‘ನನ್ನ ಮುಂದೆ ಪ್ಯಾಕು ಮೇಜಿನ ಮೇಲೆ ಇಡಬೇಡಿ, ಜೇಬಿನಲ್ಲಿ ಇಟ್ಟುಕೊಳ್ಳಿ’ ಎಂದರೆ ಅದು ಮಾಡಬಹುದಾದ ಕೆಲಸವಾಗುತ್ತದೆ. ಇನ್ನೊಂದು ವಿಷಯ: ನಮ್ಮ ಬಳಗದ ಹಿರಿಯರೊಬ್ಬರು ‘ಸೇದಿದೆಯಾ?’ ಎಂದು ಎಂದೂ ಕೇಳಲಿಲ್ಲ. ‘ಇವತ್ತು ಯಾವ ಹೊತ್ತಿನಲ್ಲಿ ಕಷ್ಟವಾಯಿತು?’ ಎಂದು ಕೇಳುತ್ತಿದ್ದರು. ಮೊದಲನೆಯ ಪ್ರಶ್ನೆಗೆ ಸುಳ್ಳು ಹೇಳಬೇಕೆನಿಸುತ್ತದೆ, ಎರಡನೆಯದಕ್ಕೆ ಮನಸ್ಸು ಬಿಚ್ಚಬೇಕೆನಿಸುತ್ತದೆ.

ಪದವಿ ಕಾಲೇಜಿನ ಉಪನ್ಯಾಸಕ, ತುಮಕೂರು:

ಮೇಲಿನವರು ಅನುಭವದಿಂದ ಹೇಳಿದ್ದಕ್ಕೆ ಅಧ್ಯಯನದ ಆಧಾರವೂ ಇದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಿಂದ ಹೃದಯರೋಗದ ಬಗ್ಗೆ ತಲೆಮಾರುಗಳ ಅಧ್ಯಯನ ನಡೆಯುತ್ತಾ ಬಂದಿದೆ. ಅದರಲ್ಲಿ ಪರಸ್ಪರ ಸಂಬಂಧವಿದ್ದ 12,067 ಜನರ 1971ರಿಂದ 2003ರವರೆಗಿನ ಮಾಹಿತಿಯನ್ನು ನಿಕೋಲಸ್ ಕ್ರಿಸ್ಟಾಕಿಸ್ ಮತ್ತು ಜೇಮ್ಸ್ ಫೌಲರ್ ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದರು. ಗಂಡ ಅಥವಾ ಹೆಂಡತಿ ಸೇದುವುದನ್ನು ಬಿಟ್ಟರೆ ಇನ್ನೊಬ್ಬರು ಸೇದುವ ಸಾಧ್ಯತೆ 67 ಶೇಕಡ, ಗೆಳೆಯರೊಬ್ಬರು ಬಿಟ್ಟರೆ 36 ಶೇಕಡ, ಸಣ್ಣ ಸಂಸ್ಥೆಯಲ್ಲಿ ಜೊತೆಗೆ ಕೆಲಸ ಮಾಡುವವರು ಬಿಟ್ಟರೆ 34 ಶೇಕಡ, ಒಡಹುಟ್ಟಿದವರು ಬಿಟ್ಟರೆ 25 ಶೇಕಡ ಕಡಿಮೆಯಾಗುತ್ತದೆಂದು ಅವರು ಕಂಡುಕೊಂಡರು. ಜನ ಒಬ್ಬೊಬ್ಬರಾಗಿ ಅಲ್ಲ, ಗುಂಪುಗುಂಪಾಗಿ ಬಿಟ್ಟಿದ್ದರು.

ಒಂದೇ ಬಗೆಯ ಮನಸ್ಸಿನವರೇ ಗೆಳೆಯರಾಗುವುದರಿಂದ ಇದೆಲ್ಲವೂ ಗೆಳೆತನದ ಪ್ರಭಾವವೇ ಎಂದು ಹೇಳುವುದು ಕಷ್ಟ ಎಂಬ ಆಕ್ಷೇಪವನ್ನು ಸಂಖ್ಯಾಶಾಸ್ತ್ರಜ್ಞರು ಎತ್ತಿದ್ದಾರೆ, ಅದು ನ್ಯಾಯವಾದ ಆಕ್ಷೇಪ. ಆದರೂ ಫಿಟ್ಟರ್ ಅವರು ಇದರಲ್ಲಿ ಒಂದು ಅಂಶವನ್ನು ಗಮನಿಸಬೇಕು. ಗೆಳೆಯರು ತಮ್ಮನ್ನು ಮತ್ತೆ ಸೇದುವ ಕಡೆಗೆ ಎಳೆಯುತ್ತಾರೆಂದು ಅವರು ಅಂಜುತ್ತಿದ್ದಾರೆ. ಎಳೆತ ಎರಡೂ ಕಡೆಗಿದೆ. ಅವರು ಬಿಟ್ಟಿರುವುದು ಆ ಐದಾರು ಜನರಲ್ಲಿ ಯಾರೋ ಒಬ್ಬರ ಮನಸ್ಸಿನಲ್ಲಿ ಈಗಾಗಲೇ ಕೆಲಸ ಮಾಡುತ್ತಿರಬಹುದು. ಆ ಒಬ್ಬರನ್ನು ಗುರುತಿಸಿ ಮಾತನಾಡಿಸುವುದು ಒಳ್ಳೆಯದು.

ಸಮುದಾಯ ಆರೋಗ್ಯಾಧಿಕಾರಿ, ಗುಬ್ಬಿ ತಾಲ್ಲೂಕು:

ಗೆಳೆಯರ ಮಾತಿಗೆ ಮೊದಲು ಶರೀರದ ಮಾತನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಏನಾಗುತ್ತಿದೆ ಎಂದು ತಿಳಿದರೆ ಅರ್ಧ ಅಂಜಿಕೆ ಹೋಗುತ್ತದೆ. ಹೊಗೆ ಎಳೆದುಕೊಂಡ ಸುಮಾರು 10ರಿಂದ 20 ಸೆಕೆಂಡಿನಲ್ಲಿ ನಿಕೋಟಿನ್ ಮಿದುಳನ್ನು ತಲುಪುತ್ತದೆ. ಅಷ್ಟು ಬೇಗ ಸಿಗುವ ಹಿತವನ್ನು ಮಿದುಳು ಬೇಗ ಕಲಿಯುತ್ತದೆ. ರಕ್ತದಲ್ಲಿರುವ ನಿಕೋಟಿನ್ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುವುದರಿಂದ ಗಂಟೆ ಕಳೆದಂತೆಲ್ಲ ಕೈ ಮತ್ತೆ ಪ್ಯಾಕಿನ ಕಡೆಗೆ ಹೋಗುತ್ತದೆ. ಬಿಟ್ಟ ಮೇಲೆ ಎರಡನೆಯ ಮತ್ತು ಮೂರನೆಯ ದಿನಗಳಲ್ಲಿ ಶರೀರದ ತಳಮಳ ಅತಿ ಹೆಚ್ಚಾಗಿದ್ದು, ಮೂರು ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ಶಮನವಾಗುತ್ತದೆ. ಅನಂತರವೂ ಉಳಿಯುವುದು ಜಾಗ, ಹೊತ್ತು, ಜೊತೆಗಾರರು, ಟೀ ಲೋಟ ಇವುಗಳಿಗೆ ಅಂಟಿಕೊಂಡ ಕಲಿಕೆ. ಫಿಟ್ಟರ್ ಅವರು ಈಗ ಎದುರಿಸುತ್ತಿರುವುದು ಇದನ್ನೇ. ಅವರ ಮನೋಬಲ ಕುಗ್ಗಿದೆ ಎಂದು ಇದರ ಅರ್ಥವಲ್ಲ.

ಸೇದಬೇಕೆನ್ನುವ ತವಕ ಒಮ್ಮೆ ಎದ್ದರೆ ಸಾಮಾನ್ಯವಾಗಿ ಐದರಿಂದ ಹತ್ತು ನಿಮಿಷದಲ್ಲಿ ಇಳಿಯುತ್ತದೆ, ಸೇದಿದರೂ ಇಳಿಯುತ್ತದೆ, ಸೇದದಿದ್ದರೂ ಇಳಿಯುತ್ತದೆ. ಗೆಳೆಯರ ನೆರವು ಬೇಕಾಗಿರುವುದು ಆ ಕೆಲವೇ ನಿಮಿಷಗಳಿಗೆ. ಒಬ್ಬರು ಫೋನ್ ಎತ್ತಿ ಬೇರೆ ಯಾವುದಾದರೂ ವಿಷಯ ಮಾತನಾಡಿದರೆ ಸಾಕು, ಉಪದೇಶ ಬೇಡ.

ಟೀ ವಿಷಯ ಬಂದಿದ್ದರಿಂದ ಹೆಚ್ಚಿನವರಿಗೆ ತಿಳಿಯದ ಒಂದು ಸಂಗತಿಯನ್ನು ಹೇಳಬೇಕು. ತಂಬಾಕಿನ ಹೊಗೆಯಲ್ಲಿರುವ ಕೆಲವು ವಸ್ತುಗಳು ಯಕೃತ್ತು ಕೆಫೀನನ್ನು ಬೇಗ ಕರಗಿಸುವಂತೆ ಮಾಡುತ್ತವೆ. ಸೇದುವುದನ್ನು ಬಿಟ್ಟಾಗ ಆ ವೇಗ ತಗ್ಗಿ, ಹಿಂದೆ ಕುಡಿಯುತ್ತಿದ್ದಷ್ಟೇ ಟೀ ಕಾಫಿ ಕುಡಿದರೂ ರಕ್ತದಲ್ಲಿ ಕೆಫೀನ್ ಹೆಚ್ಚು ಹೊತ್ತು ಉಳಿಯುತ್ತದೆ. ಆಗ ಕೈ ನಡುಗುವುದು, ಎದೆ ಡವಗುಟ್ಟುವುದು, ರಾತ್ರಿ ನಿದ್ದೆ ಬಾರದಿರುವುದು ಆಗುತ್ತದೆ. ಇದನ್ನೇ ಸಿಗರೇಟು ಬಿಟ್ಟಿದ್ದರ ತೊಂದರೆ ಎಂದು ತಿಳಿದು ಮತ್ತೆ ಹಚ್ಚಿದವರನ್ನು ನೋಡಿದ್ದೇನೆ. ಟೀ ಕಾಫಿಯನ್ನು ಅರ್ಧಕ್ಕೆ ಇಳಿಸಿ. ಸಂಜೆಯ ಬಳಗದಲ್ಲಿ ಟೀ ಬದಲು ಮಜ್ಜಿಗೆಯೋ ಎಳನೀರೋ ಇದ್ದರೆ ಎರಡು ರೀತಿಯ ಅನುಕೂಲ: ಕೆಫೀನೂ ಕಡಿಮೆಯಾಗುತ್ತದೆ, ಸಿಗರೇಟನ್ನು ನೆನಪಿಸುವ ರುಚಿಯೂ ದೂರವಾಗುತ್ತದೆ.

ಬಾಯಲ್ಲಿ ಹುಣ್ಣು, ಮಲಬದ್ಧತೆ, ಕೆಲವು ವಾರ ಕೆಮ್ಮು ಹೆಚ್ಚಾಗುವುದು ಇವೂ ಸಾಮಾನ್ಯ. ವರ್ಷದಲ್ಲಿ ಸರಾಸರಿ ನಾಲ್ಕೈದು ಕಿಲೋ ತೂಕ ಏರುವುದೂ ಉಂಟು. ಅದಕ್ಕಾಗಿ ಹಿಂಜರಿಯಬೇಕಾಗಿಲ್ಲ, ಬಿಟ್ಟಿದ್ದರಿಂದ ಹೃದಯಕ್ಕಾಗುವ ಲಾಭ ಆ ತೂಕಕ್ಕಿಂತ ಬಹಳ ದೊಡ್ಡದು.

ಶಿರಾದ ಹಿರಿಯರು:

ನನ್ನ ಅಭಿಪ್ರಾಯ ಬೇರೆ. ಗೆಳೆಯರು, ಫೋನು, ಮಜ್ಜಿಗೆ ಎಂದು ಇಷ್ಟೆಲ್ಲ ಏರ್ಪಾಡು ಏಕೆ? ಮನಸ್ಸು ಗಟ್ಟಿ ಇದ್ದರೆ ಆಯಿತು. ಒಮ್ಮೆಲೇ ನಿಲ್ಲಿಸಿದರೆ ಶರೀರಕ್ಕೆ ಆಘಾತ ಎಂದು ನಮ್ಮ ಕಡೆ ಹೇಳುತ್ತಾರೆ. ದಿನಕ್ಕೆ ಒಂದೊಂದು ಕಡಿಮೆ ಮಾಡುತ್ತಾ ಬಂದರೆ ತಾನಾಗಿಯೇ ಬಿಟ್ಟುಹೋಗುತ್ತದೆ. ಸಿಗರೇಟಿನಿಂದ ಬೀಡಿಗೆ ಇಳಿದು, ಬೀಡಿಯಿಂದ ಬಿಟ್ಟವರೂ ಇದ್ದಾರೆ. ಬೀಡಿ ಎಂದರೆ ಎಲೆಯೇ ಅಲ್ಲವೇ, ಅದರಲ್ಲಿ ಕಾಗದದ ವಿಷವಾದರೂ ಇರುವುದಿಲ್ಲ.

ಬೀಡಿ ಕಟ್ಟುವವರ ಮಗಳು, ತುಮಕೂರು:

ಅಪ್ಪಾಜಿಯವರೇ, ವಯಸ್ಸಿನಲ್ಲಿ ಹಿರಿಯರು ನೀವು, ಆದರೂ ಬೀಡಿಯ ಮಾತಿಗೆ ಉತ್ತರ ಹೇಳದೆ ಇರಲಾರೆ. ನಮ್ಮಮ್ಮ ಮದುವೆಯಾಗಿ ಬಂದಾಗಿನಿಂದ ಬೀಡಿ ಕಟ್ಟಿಯೇ ನಮ್ಮನ್ನು ಓದಿಸಿದವರು. ಮೊರದಲ್ಲಿ ಎಲೆ, ತಂಬಾಕಿನ ಪುಡಿ, ದಾರ ಇಟ್ಟುಕೊಂಡು ದಿನವಿಡೀ ಬಗ್ಗಿ ಕೂರುತ್ತಾರೆ. ತುಮಕೂರಿನಲ್ಲಿ ಇಂಥ ಮನೆಗಳು ಸಾಕಷ್ಟಿವೆ. ಎಲೆಯೊಳಗೆ ಸುತ್ತುವುದು ತಂಬಾಕನ್ನೇ. ಎಲೆ ಸರಿಯಾಗಿ ಉರಿಯದೆ ಪದೇ ಪದೇ ಆರುವುದರಿಂದ ಸೇದುವವರು ಹೆಚ್ಚು ಸಲ, ಹೆಚ್ಚು ಆಳಕ್ಕೆ ಎಳೆಯಬೇಕಾಗುತ್ತದೆ, ಹಾಗಾಗಿ ಟಾರ್ ಮತ್ತು ಕಾರ್ಬನ್ ಮೊನಾಕ್ಸೈಡ್ ಸಿಗರೇಟಿಗಿಂತ ಹೆಚ್ಚಾಗಿಯೇ ಒಳಗೆ ಹೋಗುತ್ತವೆ. 2016–17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಸಿಗರೇಟು ಸೇದುವವರು 4 ಶೇಕಡ ಇದ್ದರೆ ಬೀಡಿ ಸೇದುವವರು 7.7 ಶೇಕಡ. ಬಡವರ ಮನೆಯ ಗಂಡಸರೇ ಇದರಲ್ಲಿ ಹೆಚ್ಚು. ಬಿಡುವವರಿಗೆ ಸಿಗುವ ಸಲಹೆಯೆಲ್ಲ ಸಿಗರೇಟಿನವರಿಗೇ ಬರೆದಂತಿರುತ್ತದೆ ಎಂಬ ಬೇಸರ ನನಗಿದೆ. ಆದ್ದರಿಂದ ದಯವಿಟ್ಟು ಬೀಡಿಯನ್ನು ಮೆಟ್ಟಿಲು ಎಂದು ಯಾರಿಗೂ ಹೇಳಬೇಡಿ.

ನಮ್ಮ ತಂದೆ ಬೀಡಿ ಬಿಟ್ಟಿದ್ದು ಅಮ್ಮನ ಜೊತೆ ಕೆಲಸ ಮಾಡುವ ಹೆಂಗಸರ ಒತ್ತಾಯದಿಂದ. ಕಟ್ಟುವ ಕೈಗಳಿಗೆ ಅದರ ಪುಡಿ ಏನು ಮಾಡುತ್ತದೆಂದು ಚೆನ್ನಾಗಿ ಗೊತ್ತು.

ಸಮುದಾಯ ಆರೋಗ್ಯಾಧಿಕಾರಿ, ಗುಬ್ಬಿ ತಾಲ್ಲೂಕು:

ತಂಗಿ ಹೇಳಿದ್ದು ಸರಿ. ಹಿರಿಯರ ಇನ್ನೊಂದು ಮಾತಿಗೆ ನನ್ನ ಉತ್ತರ ಇದು. ಒಮ್ಮೆಲೇ ಬಿಡುವುದರಿಂದ ಶರೀರಕ್ಕೆ ಅಪಾಯವಿಲ್ಲ. ತಳಮಳ ಇರುತ್ತದೆ, ಅಪಾಯವಿರುವುದಿಲ್ಲ. ಈ ಪ್ರಶ್ನೆಯನ್ನೇ ಇಟ್ಟುಕೊಂಡು ಇಂಗ್ಲೆಂಡಿನಲ್ಲಿ ಸುಮಾರು 700 ಜನರ ಮೇಲೆ ನಡೆದ ಪ್ರಯೋಗವೊಂದರ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಒಂದು ದಿನ ಗೊತ್ತುಮಾಡಿ ಅಂದೇ ಪೂರ್ತಿ ನಿಲ್ಲಿಸಿದವರಲ್ಲಿ 49 ಶೇಕಡ ಜನ ನಾಲ್ಕು ವಾರದ ನಂತರವೂ ಸೇದದೆ ಉಳಿದಿದ್ದರು. ಎರಡು ವಾರ ಕಡಿಮೆ ಮಾಡುತ್ತಾ ಬಂದು ನಿಲ್ಲಿಸಿದವರಲ್ಲಿ ಆ ಪ್ರಮಾಣ 39 ಶೇಕಡ. ಎರಡೂ ಗುಂಪಿಗೆ ಆಪ್ತಸಲಹೆ ಮತ್ತು ನಿಕೋಟಿನ್ ಬದಲಿ ಔಷಧ ಸಿಕ್ಕಿತ್ತು ಎಂಬುದನ್ನು ಮರೆಯಬಾರದು. ಕಡಿಮೆ ಮಾಡುತ್ತಾ ಬಂದು ಬಿಟ್ಟವರೂ ಇದ್ದಾರೆ, ಅವರನ್ನು ತಡೆಯುವುದಿಲ್ಲ. ಆದರೆ ಕೊನೆಯ ದಿನಾಂಕವಿಲ್ಲದ ಕಡಿತ ಮತ್ತೆ ಮೇಲೇರುವುದನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ.

ಮನಸ್ಸು ಗಟ್ಟಿ ಇರಬೇಕೆಂಬುದನ್ನು ನಾನೂ ಒಪ್ಪುತ್ತೇನೆ, ಅದಕ್ಕೆ ಔಷಧದ ಊರುಗೋಲು ಕೊಟ್ಟರೆ ತಪ್ಪೇನು? ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಬೇಕೆನಿಸುವವರಿಗೆ ಅವಲಂಬನೆ ಬಲವಾಗಿದೆ ಎಂದು ಅರ್ಥ. ಅಂಥವರು ವೈದ್ಯರನ್ನು ಕಾಣುವುದು ಉತ್ತಮ. 2 ಮಿಲಿಗ್ರಾಂನ ನಿಕೋಟಿನ್ ಗಮ್ ಔಷಧ ಅಂಗಡಿಗಳಲ್ಲಿ ಚೀಟಿಯಿಲ್ಲದೆಯೇ ಸಿಗುತ್ತದೆ. ಅದನ್ನು ಚೂಯಿಂಗ್ ಗಮ್‌ನಂತೆ ಜಗಿಯುತ್ತಲೇ ಇದ್ದರೆ ಹೊಟ್ಟೆ ತೊಳೆಸುತ್ತದೆ, ಬಿಕ್ಕಳಿಕೆ ಬರುತ್ತದೆ. ನಿಧಾನವಾಗಿ ಕೆಲವು ಸಲ ಜಗಿದು, ನಾಲಗೆ ಚುರುಗುಟ್ಟಿದಾಗ ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಂಡು, ಚುರುಕು ಇಳಿದ ಮೇಲೆ ಮತ್ತೆ ಜಗಿಯಬೇಕು. ಹೀಗೆ ಅರ್ಧ ಗಂಟೆ. ಅದಕ್ಕೆ ಕಾಲು ಗಂಟೆ ಮುಂಚೆ ಮತ್ತು ಬಾಯಲ್ಲಿ ಇರುವಾಗ ಟೀ, ಕಾಫಿ, ನಿಂಬೆಹಣ್ಣಿನ ಪಾನಕ ಕುಡಿಯಬಾರದು, ಕುಡಿದರೆ ನಿಕೋಟಿನ್ ಸರಿಯಾಗಿ ಹೀರಿಕೆಯಾಗುವುದಿಲ್ಲ. ಗಮ್ ಕೆಲಸ ಮಾಡಲಿಲ್ಲ ಎನ್ನುವವರಲ್ಲಿ ಅನೇಕರು ಟೀ ಜೊತೆಯಲ್ಲೇ ಜಗಿದವರು. ವಾರೆನಿಕ್ಲಿನ್, ಬುಪ್ರೊಪಿಯಾನ್ ಮಾತ್ರೆಗಳನ್ನು ವೈದ್ಯರು ನೋಡಿಯೇ ಕೊಡಬೇಕು. ವಿಶ್ವ ಆರೋಗ್ಯ ಸಂಸ್ಥೆ 2024ರ ಜುಲೈನಲ್ಲಿ ತಂಬಾಕು ಬಿಡಿಸುವ ಚಿಕಿತ್ಸೆಯ ಮಾರ್ಗಸೂಚಿಯನ್ನು ಮೊದಲ ಬಾರಿಗೆ ಹೊರತಂದಾಗ ಔಷಧ ಮತ್ತು ಆಪ್ತಸಲಹೆ ಎರಡನ್ನೂ ಸೇರಿಸಿ ಕೊಡುವುದೇ ಉತ್ತಮ ಎಂದು ಹೇಳಿತು.

ಟೀ ಅಂಗಡಿಯವರು, ಶಿರಾ ಗೇಟ್:

ಓದುತ್ತಾ ಬಂದೆ. ಎಲ್ಲರ ಮಾತಿನಲ್ಲೂ ಟೀ ಅಂಗಡಿ ಬರುತ್ತಿರುವುದರಿಂದ ನನ್ನದೂ ಒಂದು ಮಾತು ಇರಲಿ. ನನ್ನ ಅಂಗಡಿಯಲ್ಲಿ ಬಿಡಿ ಸಿಗರೇಟು ಮಾರುತ್ತಿದ್ದೆ, ಕಂಬಕ್ಕೆ ಲೈಟರ್ ಕಟ್ಟಿದ್ದೆ. ಕೂಲಿಯವರು, ಆಟೊದವರು, ಕಾಲೇಜು ಹುಡುಗರು ಎಲ್ಲರೂ ಬರುತ್ತಿದ್ದರು. ನಮ್ಮಲ್ಲಿಗೆ ಖಾಯಂ ಬರುತ್ತಿದ್ದ ಆಟೊ ಚಾಲಕರೊಬ್ಬರಿಗೆ ಹೃದಯಾಘಾತವಾಗಿ, ವೈದ್ಯರು ಖಡಾಖಂಡಿತವಾಗಿ ಬಿಡಲು ಹೇಳಿದ ಮೇಲೆ ಅವರು ನನ್ನ ಬಳಿ ಬಂದು, ‘ನಾನು ಕೇಳಿದರೆ ಕೊಡಬೇಡಿ ಅಣ್ಣ, ಜಗಳವಾಡಿದರೂ ಕೊಡಬೇಡಿ’ ಎಂದರು. ಒಪ್ಪಿಕೊಂಡೆ. ಒಂದೆರಡು ಸಲ ನಿಜವಾಗಿಯೂ ಜಗಳವಾಡಿದರು, ಕೊಡಲಿಲ್ಲ. ಆಮೇಲೆ ಇನ್ನೂ ಕೆಲವರು ಹಾಗೆಯೇ ಹೇಳಿದರು. ಕೊಡಬೇಡಿ ಎನ್ನುವವರ ಸಂಖ್ಯೆ ಬೆಳೆದ ಮೇಲೆ ಮಾರುವುದೇ ಬೇಡವೆನಿಸಿ ನಿಲ್ಲಿಸಿದೆ. ಮೊದಲು ವ್ಯಾಪಾರ ಇಳಿಯಿತು. ಈಗ ಸಂಜೆ ಬೋಂಡ, ಮಂಡಕ್ಕಿ ಮಾಡುತ್ತೇವೆ, ಹೆಂಗಸರೂ ಮಕ್ಕಳೂ ಬಂದು ಕೂರುತ್ತಾರೆ, ಅದು ಮೊದಲು ಇರಲಿಲ್ಲ.

ಕಾನೂನೂ ಈಗ ಬಿಗಿಯಾಗಿದೆ. ಕರ್ನಾಟಕದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದ ಮೇಲೆ 21 ವರ್ಷ ತುಂಬದವರಿಗೆ ಮಾರುವಂತಿಲ್ಲ, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ 200 ರೂಪಾಯಿ ಇದ್ದ ದಂಡ 1,000 ರೂಪಾಯಿಯವರೆಗೆ ಏರಿದೆ. ಫಿಟ್ಟರ್ ಅವರೇ, ನಿಮ್ಮ ಗೇಟಿನ ಅಂಗಡಿಯವರ ಬಳಿಯೂ ಒಮ್ಮೆ ಮಾತನಾಡಿ. ಅವರೂ ನಿಮ್ಮ ಬಳಗದವರೇ, ದಿನಾ ನಿಮ್ಮ ಮುಖ ನೋಡುವವರು. ಅವರಿಗೆ ಹೇಳಲು ಸಂಕೋಚ ಬೇಡ.

ಗೃಹಿಣಿ, ತಿಪಟೂರು:

ಟೀ ಅಂಗಡಿಯ ಅಣ್ಣನವರ ಮಾತು ಓದಿ ಬಹಳ ಸಂತೋಷವಾಯಿತು. ಮನೆಯವರ ಕಡೆಯಿಂದ ಹೇಳಬೇಕಾದ್ದೂ ಇದೆ. ನಮ್ಮ ಯಜಮಾನರು ಕೊಬ್ಬರಿ ಮಂಡಿಯಲ್ಲಿ ಕೆಲಸ ಮಾಡುವವರು. ಅವರು ಬಿಟ್ಟಾಗ ನಮ್ಮ ಅತ್ತೆ ಅಂಗಿಯ ಜೇಬು ನೋಡುವುದು, ಬಾಯಿ ವಾಸನೆ ನೋಡುವುದು, ಬಂದವರ ಮುಂದೆಲ್ಲ ‘ನನ್ನ ಮಗ ಬಿಟ್ಟಿದ್ದಾನೆ’ ಎಂದು ಹೇಳುವುದು ಮಾಡುತ್ತಿದ್ದರು. ಪ್ರೀತಿಯಿಂದಲೇ ಮಾಡುತ್ತಿದ್ದರು, ಆದರೆ ಯಜಮಾನರಿಗೆ ಅದು ಕಾವಲಿನಂತೆ ಭಾಸವಾಗಿ ಮನೆಗೆ ತಡವಾಗಿ ಬರತೊಡಗಿದರು. ಅತ್ತೆಯವರ ಜೊತೆ ಕುಳಿತು ಮಾತನಾಡಿ ಅದನ್ನು ನಿಲ್ಲಿಸಿದ ಮೇಲೆ ಮನೆ ತಿಳಿಯಾಯಿತು. ಆ ವಾರಗಳಲ್ಲಿ ಅವರು ಸಿಡುಕಿದರೆ ನಾನು ಎದುರು ಮಾತನಾಡದೆ ಹೊರಗೆ ಬಂದುಬಿಡುತ್ತಿದ್ದೆ. ಸಿಡುಕು ನನ್ನ ಮೇಲಿನದಲ್ಲ, ಶರೀರದ್ದು ಎಂದು ಆಸ್ಪತ್ರೆಯ ದಾದಿಯೊಬ್ಬರು ಮೊದಲೇ ತಿಳಿಸಿದ್ದರಿಂದ ಅದು ಸಾಧ್ಯವಾಯಿತು.

ಮಂಡಿಯ ಗೆಳೆಯರು ಮಾತ್ರ ಒಳ್ಳೆಯ ಉದ್ದೇಶದಿಂದಲೇ ಬೇರೊಂದು ದಾರಿ ತೋರಿಸಿದರು. ಸಿಗರೇಟಿನ ಬದಲು ಎಲೆ ಅಡಿಕೆಗೆ ಚೂರು ಹೊಗೆಸೊಪ್ಪು ಹಾಕಿಕೋ, ಬಾಯಿ ಆಡುತ್ತಿದ್ದರೆ ನೆನಪಾಗುವುದಿಲ್ಲ ಎಂದರು. ಇದರ ಬಗ್ಗೆ ತಿಳಿದವರು ಹೇಳಬೇಕು, ಏಕೆಂದರೆ ನಮ್ಮ ಕಡೆ ಇದು ಎಲ್ಲರ ಬಾಯಲ್ಲೂ ಇರುವ ಸಲಹೆ.

ಸಮುದಾಯ ಆರೋಗ್ಯಾಧಿಕಾರಿ, ಗುಬ್ಬಿ ತಾಲ್ಲೂಕು:

ಒಳ್ಳೆಯ ಪ್ರಶ್ನೆ ಅಮ್ಮ. ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ ಯಾವುದೂ ಬದಲಿಯಲ್ಲ, ಎಲ್ಲದರಲ್ಲೂ ಅದೇ ನಿಕೋಟಿನ್ ಇದೆ, ಬಾಯಿ ಕ್ಯಾನ್ಸರಿಗೆ ದಾರಿ ಇನ್ನೂ ಹತ್ತಿರ. ಅಡಿಕೆ ನಮ್ಮ ಜಿಲ್ಲೆಯ ಅನೇಕ ಕುಟುಂಬಗಳ ಅನ್ನ, ನಮ್ಮ ಮನೆಯಲ್ಲೂ ತೋಟವಿದೆ. ಆದರೂ ತಂಬಾಕಿಲ್ಲದ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ ಎಂಬುದನ್ನು ಮುಚ್ಚಿಡಲಾರೆ. ಬಾಯಿ ಆಡಿಸಲೇಬೇಕೆಂದರೆ ಏಲಕ್ಕಿ, ಸೋಂಪು, ಹುರಿಗಡಲೆ ಜೇಬಿನಲ್ಲಿರಲಿ. ಇ–ಸಿಗರೇಟಿನ ಬಗ್ಗೆಯೂ ಯುವಕರು ಕೇಳುತ್ತಾರೆ, ಅದು 2019ರಿಂದ ದೇಶದಲ್ಲಿ ನಿಷಿದ್ಧ.

ವಸಂತನರಸಾಪುರದ ಫಿಟ್ಟರ್:

ಇಷ್ಟು ಕಾಳಜಿಯಿಂದ ಬರೆದ ಎಲ್ಲರಿಗೂ ಕೃತಜ್ಞನಾಗಿದ್ದೇನೆ. ನಿನ್ನೆ ಪಾಳಿ ಮುಗಿದ ಮೇಲೆ ಗೆಳೆಯರಿಗೆ ರೈಲಿನವರು ಹೇಳಿಕೊಟ್ಟಂತೆಯೇ ಹೇಳಿದೆ. ಪ್ಯಾಕು ಹೊರಗೆ ತೆಗೆಯಬೇಡಿ, ಕೇಳಿದರೂ ಕೊಡಬೇಡಿ ಎಂದೆ. ಒಬ್ಬರು ನಕ್ಕರು, ಆದರೆ ಪ್ಯಾಕನ್ನು ಜೇಬಿಗೆ ಹಾಕಿಕೊಂಡರು. ಉಪನ್ಯಾಸಕರು ಹೇಳಿದ್ದು ನಿಜವಾಯಿತು: ನಮ್ಮ ವಿಭಾಗದ ವೆಲ್ಡರ್ ಒಬ್ಬರು ಬೈಕ್ ತೆಗೆಯುವಾಗ ಹತ್ತಿರ ಬಂದು, ತಾವೂ ಬಿಡಬೇಕೆಂದು ಯೋಚಿಸುತ್ತಿರುವುದಾಗಿ, ಹೆಂಡತಿ ಬಸುರಿ ಎಂದು ಹೇಳಿದರು. ರಜಾ ದಿನಗಳಲ್ಲಿ ಬೆಳಿಗ್ಗೆ ಇಬ್ಬರೂ ಅಮಾನಿಕೆರೆಯ ದಂಡೆಯ ಮೇಲೆ ನಡೆಯುವುದೆಂದು ಮಾತಾಗಿದೆ.

ಎರಡು ಸಂದೇಹಗಳಿವೆ. ಮುಂದಿನ ತಿಂಗಳು ಬಳಗದವರೊಬ್ಬರ ಮದುವೆ ಇದೆ, ಹಿಂದಿನ ರಾತ್ರಿ ಎಲ್ಲರೂ ಛತ್ರದಲ್ಲಿ ಉಳಿಯುತ್ತೇವೆ. ಅಂಥ ಕಡೆ ಒಂದು ಸೇದಿಬಿಟ್ಟರೆ ಎಲ್ಲವೂ ಮುಗಿದಂತೆಯೇ? ಎರಡನೆಯದು, ಗೆಳೆಯರು ಸಿಗದ ಹೊತ್ತಿನಲ್ಲಿ ಯಾರನ್ನು ಕೇಳಬೇಕು?

ರೈಲು ಪ್ರಯಾಣಿಕ, ತುಮಕೂರು–ಬೆಂಗಳೂರು:

ವೆಲ್ಡರ್ ಅವರ ವಿಷಯ ಓದಿ ಮನಸ್ಸು ತುಂಬಿತು. ಛತ್ರದ ರಾತ್ರಿಗೆ ನಾವು ಮಾಡಿದ ಉಪಾಯ ಇದು: ಅಡುಗೆಯವರ ಜೊತೆ ತರಕಾರಿ ಹೆಚ್ಚುವುದು, ಬಂದವರಿಗೆ ಹಾಸಿಗೆ ಹಂಚುವುದು, ಬೆಳಗಿನ ಕಾಫಿ ಉಸ್ತುವಾರಿ, ಹೀಗೆ ಕೈಗೆ ಕೆಲಸ ಕೇಳಿ ಪಡೆಯಿರಿ. ಇಸ್ಪೀಟು ಹಾಕುವ ಕೋಣೆಗೆ ಹೋಗಬೇಡಿ. ಮದ್ಯ ಇರುವ ಕಡೆ ಅಂದು ಕೂರಲೇಬೇಡಿ, ಬಿಟ್ಟವರಲ್ಲಿ ಹೆಚ್ಚಿನವರು ಮತ್ತೆ ಹಚ್ಚುವುದು ಅಲ್ಲಿಯೇ.

ಸಮುದಾಯ ಆರೋಗ್ಯಾಧಿಕಾರಿ, ಗುಬ್ಬಿ ತಾಲ್ಲೂಕು:

ಒಂದು ಸೇದಿದರೆ ಎಲ್ಲವೂ ಮುಗಿಯುವುದಿಲ್ಲ, ಆದರೆ ಒಂದರಿಂದ ಏನೂ ಆಗುವುದಿಲ್ಲ ಎಂದೂ ನಾನು ಹೇಳುವುದಿಲ್ಲ. ಅಪಾಯ ಆ ಒಂದರಲ್ಲಿ ಇರುವುದಕ್ಕಿಂತ ಅದರ ಮರುದಿನ ಬೆಳಿಗ್ಗೆ ‘ಹೇಗೂ ಕೆಟ್ಟಿತಲ್ಲ’ ಎಂದು ಪ್ಯಾಕು ಕೊಳ್ಳುವುದರಲ್ಲಿದೆ. ಹಾಗಾದರೆ ಆ ದಿನವೇ ವೆಲ್ಡರ್ ಅವರಿಗೆ ಹೇಳಿಬಿಡಿ. ಮುಚ್ಚಿಟ್ಟ ಸಿಗರೇಟು ಎರಡನೆಯದನ್ನು ಕರೆಯುತ್ತದೆ. ಅವರಿಗೂ ಈಗಲೇ ತಿಳಿಸಿರಿ, ಅವರು ಆಗ ಬೈಯಬಾರದು, ‘ಯಾವ ಹೊತ್ತಿನಲ್ಲಿ, ಯಾರ ಜೊತೆ’ ಎಂದಷ್ಟೇ ಕೇಳಿ ಮುಂದಿನ ಸಲಕ್ಕೆ ದಾರಿ ಹುಡುಕಬೇಕು. ಬಸುರಿಯಿರುವ ಮನೆಯಲ್ಲಿ ಹೊಗೆ ನಿಂತರೆ ತಾಯಿಗೂ ಮಗುವಿಗೂ ಅಂದಿನಿಂದಲೇ ಒಳಿತು ಎಂಬುದನ್ನೂ ಅವರಿಗೆ ತಿಳಿಸಿ.

ಹುರುಪು ಇಳಿದಿದೆ ಎಂದಿರಿ. ಶರೀರ ಮಾತ್ರ ತನ್ನ ಕೆಲಸವನ್ನು ನಿಲ್ಲಿಸಿಲ್ಲ. ಕೊನೆಯ ಸಿಗರೇಟಿನ 20 ನಿಮಿಷಕ್ಕೆ ಹೃದಯ ಬಡಿತ ತಗ್ಗಿತು, ಅರ್ಧ ದಿನದಲ್ಲಿ ರಕ್ತದ ಕಾರ್ಬನ್ ಮೊನಾಕ್ಸೈಡ್ ಸಹಜ ಮಟ್ಟಕ್ಕೆ ಬಂತು. ಎರಡರಿಂದ 12 ವಾರದೊಳಗೆ ರಕ್ತಸಂಚಾರವೂ ಶ್ವಾಸಕೋಶದ ಸಾಮರ್ಥ್ಯವೂ ಸುಧಾರಿಸುತ್ತವೆ, ನೀವು ಈಗ ಇರುವುದು ಆ ಅವಧಿಯಲ್ಲಿ. ಒಂದು ವರ್ಷ ತುಂಬುವಾಗ ಹೃದಯದ ರಕ್ತನಾಳದ ಕಾಯಿಲೆಯ ಹೆಚ್ಚುವರಿ ಅಪಾಯ ಸೇದುವವರಿಗಿಂತ ಅರ್ಧಕ್ಕೆ ಇಳಿಯುತ್ತದೆ, 10 ವರ್ಷಕ್ಕೆ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಅಪಾಯ ಸುಮಾರು ಅರ್ಧವಾಗುತ್ತದೆ. ಕೆರೆ ದಂಡೆಯ ಮೇಲೆ ನಡೆಯುವಾಗ ಏದುಸಿರು ಎಲ್ಲಿ ಶುರುವಾಗುತ್ತದೆಂದು ಇಬ್ಬರೂ ಗುರುತಿಟ್ಟುಕೊಳ್ಳಿ. ಅದು ದೂರ ಸರಿಯುವುದನ್ನು ನೀವೇ ಕಾಣುವಿರಿ. ಬೇರೆಯವರ ಹೊಗಳಿಕೆಗಿಂತ ಅದು ಹೆಚ್ಚು ಕಾಲ ನಿಲ್ಲುತ್ತದೆ.

ಗೆಳೆಯರು ಸಿಗದ ಹೊತ್ತಿಗೆ ಕೇಂದ್ರ ಸರ್ಕಾರದ ತಂಬಾಕು ಬಿಡಿಸುವ ಸಹಾಯವಾಣಿ 1800-112-356 ಇದೆ, ಶುಲ್ಕವಿಲ್ಲ. ದೆಹಲಿಯ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ 2016ರಲ್ಲಿ ಶುರುವಾಗಿ, ಅನಂತರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಕೇಂದ್ರ ತೆರೆದಿರುವುದರಿಂದ ಕನ್ನಡದಲ್ಲೇ ಮಾತನಾಡಬಹುದು. ಬಿಡುವ ದಿನವನ್ನು ನಿಮ್ಮೊಂದಿಗೆ ಗೊತ್ತುಮಾಡಿ, ಆಮೇಲೆ ಅವರೇ ಮತ್ತೆ ಕರೆ ಮಾಡಿ ವಿಚಾರಿಸುತ್ತಾರೆ. ವೆಲ್ಡರ್ ಅವರಿಗೆ ಇದು ಬಹಳ ಉಪಯೋಗವಾದೀತು. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ತೆರೆದಿರುತ್ತದೆ, ಸೋಮವಾರ ರಜೆ.

ಶಿರಾದ ಹಿರಿಯರು:

ಬೀಡಿಯ ವಿಷಯದಲ್ಲಿ ಮಗಳು ಹೇಳಿದ್ದನ್ನು ಒಪ್ಪಿದೆ. ನಮ್ಮ ಊರಿನಲ್ಲಿ ನನ್ನ ವಯಸ್ಸಿನ ಕೆಲವರು ಅರಳಿಕಟ್ಟೆಯ ಮೇಲೆ ಕುಳಿತು ದಿನವಿಡೀ ಬೀಡಿ ಸೇದುತ್ತಾರೆ. ಆ ಸಹಾಯವಾಣಿಯ ಸಂಖ್ಯೆಯನ್ನು ಬರೆದುಕೊಂಡಿದ್ದೇನೆ, ಅವರ ಫೋನಿನಿಂದ ನಾನೇ ಕರೆ ಹಚ್ಚಿಕೊಡುತ್ತೇನೆ. ಇಷ್ಟು ವಯಸ್ಸಾದ ಮೇಲೆ ಬಿಟ್ಟರೆ ಪ್ರಯೋಜನ ಉಂಟೇ ಎಂದು ಅವರು ಖಂಡಿತ ಕೇಳುತ್ತಾರೆ.

ಸಮುದಾಯ ಆರೋಗ್ಯಾಧಿಕಾರಿ, ಗುಬ್ಬಿ ತಾಲ್ಲೂಕು:

ಉಂಟು ಎಂದು ಧೈರ್ಯವಾಗಿ ಹೇಳಿ. ಅರವತ್ತರಲ್ಲಿ ಬಿಟ್ಟವರಿಗೂ ಸರಾಸರಿ ಮೂರು ವರ್ಷದ ಆಯುಸ್ಸು ಹೆಚ್ಚುತ್ತದೆಂದು ಬ್ರಿಟನ್ನಿನ ವೈದ್ಯರನ್ನು 50 ವರ್ಷ ಗಮನಿಸಿದ ಅಧ್ಯಯನ 2004ರಲ್ಲಿ ತೋರಿಸಿದೆ. ಮೂವತ್ತರಲ್ಲಿ ಬಿಟ್ಟವರಿಗೆ ಸುಮಾರು 10 ವರ್ಷ.

ರೈಲು ಪ್ರಯಾಣಿಕ, ತುಮಕೂರು–ಬೆಂಗಳೂರು:

ಫಿಟ್ಟರ್ ಅವರೇ, ಸೋಮವಾರ ಸಹಾಯವಾಣಿ ಇಲ್ಲದಿದ್ದರೆ ಸೋಮವಾರ ನನ್ನದು. ನನ್ನ ಸಂಖ್ಯೆಯನ್ನು ನಿಮಗೆ ಪ್ರತ್ಯೇಕವಾಗಿ ಕಳುಹಿಸಿದ್ದೇನೆ, ವೆಲ್ಡರ್ ಅವರಿಗೂ ಕೊಡಿ. ಬೆಳಿಗ್ಗೆ ಮತ್ತು ಸಂಜೆ ರೈಲಿನಲ್ಲಿ ಕುಳಿತಿರುವ ಹೊತ್ತು ನಿಶ್ಚಿಂತೆಯಾಗಿ ಮಾತನಾಡಬಹುದು. ನಿಮಗೆ ರಾತ್ರಿ ಪಾಳಿ ಇರುವ ವಾರವಾದರೆ ಪಾಳಿ ಬಿಟ್ಟ ಕೂಡಲೇ, ಗೇಟು ದಾಟುವ ಮೊದಲೇ ಕರೆ ಮಾಡಿ, ಅಷ್ಟು ಹೊತ್ತಿಗೆ ನಾನು ಎದ್ದಿರುತ್ತೇನೆ.